ವಿಟಮಿನ್ ಡಿ ಕೆಲಸ ಶುರುಮಾಡಲು ಯಾಕೆ ಅಷ್ಟು ಹೊತ್ತು? ಹೆಕ್ಟರ್ ಡೆಲೂಕಾ ಹಿಡಿದ ಹಾರ್ಮೋನಿನ ಜಾಡು

ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗಿ ಬಾಗುವ ರೋಗ, ಬಂದ ಇಲಿಗೆ ವಿಟಮಿನ್ ಡಿ ಕೊಟ್ಟರೆ ತಕ್ಷಣ ಏನೂ ಆಗುವುದಿಲ್ಲ. ಒಂದು ಗಂಟೆ ಕಳೆದರೂ ಅದರ ಕರುಳು ಕ್ಯಾಲ್ಸಿಯಂ ಹೀರುವುದು ಜಾಸ್ತಿಯಾಗುವುದಿಲ್ಲ. ಮೂರು ನಾಲ್ಕು ಗಂಟೆಯಾದರೂ ಅಷ್ಟೇ. ಬದಲಾವಣೆ ಚೆನ್ನಾಗಿ ಕಾಣಿಸಿಕೊಳ್ಳಲು ಹೆಚ್ಚುಕಡಿಮೆ ಅರ್ಧ ದಿನ ಬೇಕು. ವಿಟಮಿನ್ ಅಷ್ಟರೊಳಗೆ ಹೊಟ್ಟೆ ದಾಟಿ, ರಕ್ತ ಸೇರಿ, ಕರುಳಿನ ಜೀವಕೋಶಗಳವರೆಗೂ ಹೋಗಿರುತ್ತದೆ. ಆದರೂ ಕೆಲಸ ನಡೆಯುತ್ತಿರುವುದಿಲ್ಲ.

ಈ ತಡ ಹಲವರ ಕಣ್ಣಿಗೆ ಬಿದ್ದಿತ್ತು. ವಿಟಮಿನ್ ನಿಧಾನಕ್ಕೆ ಕೆಲಸ ಮಾಡುತ್ತದೆ, ಅದರಲ್ಲೇನು ವಿಶೇಷ ಎಂದು ಬಹುತೇಕರು ಮುಂದೆ ಹೋದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆಕ್ಟರ್ ಡೆಲೂಕಾ ಅಲ್ಲೇ ನಿಂತರು. ಆ ಅರ್ಧ ದಿನದಲ್ಲಿ ದೇಹದೊಳಗೆ ಏನು ನಡೆಯುತ್ತಿದೆ ಎಂದು ಕೇಳಿದರು. ಅದಕ್ಕೆ ಉತ್ತರ ಸಿಗುವ ಹೊತ್ತಿಗೆ ವಿಟಮಿನ್ ಡಿ ಬಗ್ಗೆ ಅಲ್ಲಿಯವರೆಗೆ ಗೊತ್ತಿದ್ದದ್ದರ ಅರ್ಧ ಭಾಗವನ್ನು ಹೊಸದಾಗಿ ಬರೆಯಬೇಕಾಯಿತು. ನಾವು ನುಂಗುವ ಅಥವಾ ಬಿಸಿಲಿನಲ್ಲಿ ಚರ್ಮ ತಯಾರಿಸುವ ವಿಟಮಿನ್ ಡಿ ತಾನಾಗಿ ಏನೂ ಮಾಡುವುದಿಲ್ಲ. ಅದು ಕಚ್ಚಾ ಸರಕು. ಮೊದಲು ಲಿವರ್, ಆಮೇಲೆ ಕಿಡ್ನಿ ಅದನ್ನು ಬದಲಾಯಿಸುತ್ತವೆ. ಕಿಡ್ನಿಯಿಂದ ಹೊರಬರುವುದು ಒಂದು ಹಾರ್ಮೋನ್. ಮೂಳೆ, ಕರುಳು ಮಾತು ಕೇಳುವುದು ಆ ಹಾರ್ಮೋನಿಗೆ.

ಇದು ಬರೀ ಪುಸ್ತಕದ ವಿಷಯವಲ್ಲ. ರಕ್ತ ಪರೀಕ್ಷೆಯ ಚೀಟಿಯಲ್ಲಿ ‘25 ಹೈಡ್ರಾಕ್ಸಿ’ ಎಂದು ಯಾಕೆ ಬರೆದಿರುತ್ತದೆ, ಕಿಡ್ನಿ ಕೆಟ್ಟವರ ಮೂಳೆ ಯಾಕೆ ಸವೆಯುತ್ತದೆ, ಜಾಸ್ತಿ ಮಾತ್ರೆ ನುಂಗಿದರೆ ಯಾಕೆ ಜಾಸ್ತಿ ಲಾಭ ಇಲ್ಲ, ಎಲ್ಲಕ್ಕೂ ಉತ್ತರ ಇಲ್ಲೇ ಇದೆ.

ಗುರುವಿನ ಮೇಕೆಗಳು

ಡೆಲೂಕಾ ಹುಟ್ಟಿದ್ದು 1930ರಲ್ಲಿ, ಕೊಲರಾಡೋ ರಾಜ್ಯದ ಪ್ಯೂಬ್ಲೋ ಎಂಬ ಊರಿನಲ್ಲಿ. ಪದವಿ ಮುಗಿಸಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಬಂದರು. ಅಲ್ಲಿ ಹ್ಯಾರಿ ಸ್ಟೀನ್‌ಬಾಕ್ ಅವರ ಕೈಕೆಳಗೆ 1955ರಲ್ಲಿ ಪಿಎಚ್‌ಡಿ ಪಡೆದರು. ಸ್ಟೀನ್‌ಬಾಕ್ ಅವರ ಕೊನೆಯ ವಿದ್ಯಾರ್ಥಿ ಇವರೇ. ಈ ಗುರುವನ್ನು ಬಿಟ್ಟು ಶಿಷ್ಯನ ಕತೆ ಹೇಳಲಾಗದು.

ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಸ್ಟೀನ್‌ಬಾಕ್ ಒಂದು ವಿಚಿತ್ರ ಗಮನಿಸಿದ್ದರು. ಹಾಲು ಕೊಡುವ ಮೇಕೆಗಳು ಬೇಸಿಗೆಯಲ್ಲಿ ಹೊರಗೆ ಬಿಸಿಲಿನಲ್ಲಿದ್ದಾಗ ಮೈಯಲ್ಲಿ ಕ್ಯಾಲ್ಸಿಯಂ ಉಳಿಸಿಕೊಳ್ಳುತ್ತಿದ್ದವು. ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ಕಟ್ಟಿದರೆ ಕಳೆದುಕೊಳ್ಳುತ್ತಿದ್ದವು. ಅದೇ ಕಾಲದಲ್ಲಿ ಯೂರೋಪಿನಲ್ಲೂ ಇಂಥದ್ದೇ ಸುಳಿವುಗಳು ಸಿಗುತ್ತಿದ್ದವು. 1919ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಮೆಲನ್‌ಬಿ ಒಳಗೇ ಸಾಕಿದ ನಾಯಿಮರಿಗಳಿಗೆ ಆಹಾರದಿಂದಲೇ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಲಿವರ್ ಎಣ್ಣೆಯಿಂದ ವಾಸಿಮಾಡಿ ತೋರಿಸಿದರು. ಅದೇ ವರ್ಷ ಬರ್ಲಿನ್‌ನ ವೈದ್ಯ ಕರ್ಟ್ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಬಂದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಕೊಟ್ಟು ಗುಣಪಡಿಸಿದರು.

ಹುಲ್ಡ್‌ಶಿನ್ಸ್ಕಿ ಮಾಡಿದ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಮಗುವಿನ ಒಂದೇ ತೋಳಿಗೆ ಬೆಳಕು ಬಿಟ್ಟರು. ಗುಣವಾದದ್ದು ಎರಡೂ ತೋಳಿನ ಮೂಳೆ. ಅಂದರೆ ಬೆಳಕು ಬಿದ್ದ ಚರ್ಮದಲ್ಲಿ ಯಾವುದೋ ವಸ್ತು ತಯಾರಾಗಿ ರಕ್ತದ ಮೂಲಕ ಇನ್ನೊಂದು ತೋಳಿಗೆ ಹೋಗಿದೆ. ಒಂದು ಕಡೆ ಹುಟ್ಟಿ ರಕ್ತದಲ್ಲಿ ಹರಿದು ಮತ್ತೊಂದು ಕಡೆ ಕೆಲಸ ಮಾಡುವುದು ಹಾರ್ಮೋನಿನ ಲಕ್ಷಣ. ಸುಳಿವು 1919ರಲ್ಲೇ ಕೈಗೆ ಸಿಕ್ಕಿತ್ತು, ಅದನ್ನು ಹಿಡಿದು ಮುಂದೆ ಹೋಗಲು ಐವತ್ತು ವರ್ಷ ಹಿಡಿಯಿತು.

1922ರಲ್ಲಿ ಎಲ್ಮರ್ ಮೆಕಾಲಮ್ ಕಾಡ್ ಎಣ್ಣೆಯನ್ನು ಕಾಯಿಸಿ, ಅದರೊಳಗೆ ಗಾಳಿ ಹಾಯಿಸಿ ಅದರಲ್ಲಿದ್ದ ವಿಟಮಿನ್ ಎ ನಾಶಮಾಡಿದರು. ಆದರೂ ಆ ಎಣ್ಣೆ ರಿಕೆಟ್ಸ್ ವಾಸಿಮಾಡಿತು. ಹಾಗಾದರೆ ಅದರೊಳಗೆ ಬೇರೊಂದು ವಸ್ತುವಿದೆ ಎಂದಾಯಿತು. ಎ, ಬಿ, ಸಿ ಆಗಲೇ ಬಳಕೆಯಲ್ಲಿದ್ದುದರಿಂದ ಇದಕ್ಕೆ ಡಿ ಎಂಬ ಅಕ್ಷರ ಸಿಕ್ಕಿತು. ಎರಡು ವರ್ಷದ ನಂತರ ಸ್ಟೀನ್‌ಬಾಕ್ ಪ್ರಾಣಿಯ ಮೈಗಲ್ಲ, ಅದು ತಿನ್ನುವ ಆಹಾರಕ್ಕೇ ಅತಿನೇರಳೆ ಬೆಳಕು ಬಿಟ್ಟು ನೋಡಿದರು. ಆ ಆಹಾರ ತಿಂದ ಇಲಿಗಳಿಗೆ ರಿಕೆಟ್ಸ್ ವಾಸಿಯಾಯಿತು.

ಈ ವಿಧಾನಕ್ಕೆ ಸ್ಟೀನ್‌ಬಾಕ್ ಪೇಟೆಂಟ್ ಪಡೆದರು. ಹಣ ತಾವು ಇಟ್ಟುಕೊಳ್ಳಲಿಲ್ಲ. 1925ರಲ್ಲಿ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ ಹುಟ್ಟಿಕೊಂಡಿತು. ಪೇಟೆಂಟಿನಿಂದ ಬಂದ ಆದಾಯ ಅದರ ಮೂಲಕ ವಿಶ್ವವಿದ್ಯಾಲಯದ ಸಂಶೋಧನೆಗೇ ವಾಪಸ್ ಹೋಯಿತು. ಮುಂದೆ ಡೆಲೂಕಾ ಪ್ರಯೋಗಾಲಯದ ಪೇಟೆಂಟುಗಳೂ ಇದೇ ಪ್ರತಿಷ್ಠಾನದ ಕೈ ಸೇರಿದವು. ಮೇಕೆಯ ಕೊಟ್ಟಿಗೆಯಲ್ಲಿ ಶುರುವಾದ ಒಂದು ಪ್ರಶ್ನೆ ಎರಡು ತಲೆಮಾರಿನ ವಿಜ್ಞಾನಕ್ಕೆ ದುಡ್ಡು ಹೊಂದಿಸಿತು.

ಮುಗಿದುಹೋದ ವಿಷಯ ಎನಿಸಿಕೊಂಡದ್ದು

1930ರ ದಶಕ ಮುಗಿಯುವ ಹೊತ್ತಿಗೆ ವಿಟಮಿನ್ ಡಿಯ ರಸಾಯನಶಾಸ್ತ್ರ ಗೊತ್ತಾಗಿತ್ತು. ಜರ್ಮನಿಯ ಅಡಾಲ್ಫ್ ವಿಂಡಾಸ್‌ಗೆ ಸ್ಟೆರಾಲ್‌ಗಳ, ಅಂದರೆ ಕೊಲೆಸ್ಟರಾಲ್ ಜಾತಿಯ ವಸ್ತುಗಳ, ಕೆಲಸಕ್ಕಾಗಿ 1928ರಲ್ಲೇ ನೊಬೆಲ್ ಬಂದಿತ್ತು. ಚರ್ಮದಲ್ಲಿ ಕೊಲೆಸ್ಟರಾಲ್‌ನ ಹತ್ತಿರದ ಸಂಬಂಧಿಯೊಂದಿದೆ. ಬಿಸಿಲಿನ ಅತಿನೇರಳೆ ಕಿರಣ ಅದರ ಒಂದು ಉಂಗುರವನ್ನು ಬಿಡಿಸುತ್ತದೆ. ಆಮೇಲೆ ಮೈಯ ಬಿಸಿಗೆ ಅದು ನಿಧಾನವಾಗಿ ರೂಪ ಬದಲಿಸಿ ವಿಟಮಿನ್ ಡಿ3 ಆಗುತ್ತದೆ. ರಿಕೆಟ್ಸ್ ಕಡಿಮೆಯಾಯಿತು, ಹಾಲಿಗೆ ವಿಟಮಿನ್ ಸೇರಿಸುವುದು ಶುರುವಾಯಿತು. ಇನ್ನೇನು ಉಳಿದಿದೆ ಎಂಬ ಭಾವನೆ ಸಹಜವಾಗಿಯೇ ಬಂತು.

ಆ ಕಾಲದ ಹವಾ ಹೇಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1952ರ ಸುಮಾರಿಗೆ ವಿಟಮಿನ್ ಡಿ ಮೂಳೆಗೆ ಕ್ಯಾಲ್ಸಿಯಂ ತುಂಬುವುದಷ್ಟೇ ಅಲ್ಲ, ಬೇಕಾದಾಗ ಮೂಳೆಯಿಂದ ಹೊರಕ್ಕೂ ತೆಗೆಯುತ್ತದೆ ಎಂದು ತೋರಿಸಿದರು. ಬಹಳ ಮುಖ್ಯವಾದ ಕೆಲಸ. ಆದರೆ ಕ್ಯಾಲ್ಸಿಯಂ ಸಂಶೋಧನೆಗೆ ಭವಿಷ್ಯವಿಲ್ಲ ಎಂಬ ಅಭಿಪ್ರಾಯ ಎದುರಾದಾಗ ಅವರು ಮಿದುಳಿನ ಕಡೆಗೆ ತಿರುಗಿದರು. ಡೋಪಮೈನ್ ಕೆಲಸಕ್ಕೆ 2000ದಲ್ಲಿ ನೊಬೆಲ್ ಪಡೆದರು. ಅವರಿಗೆ ಒಳ್ಳೆಯದೇ ಆಯಿತು. ವಿಟಮಿನ್ ಡಿ ಕ್ಷೇತ್ರ ಒಬ್ಬ ಒಳ್ಳೆಯ ಸಂಶೋಧಕನನ್ನು ಕಳೆದುಕೊಂಡಿತು.

ಡೆಲೂಕಾ ಕೂಡ ಶುರುವಿನಲ್ಲಿ ಬೇರೆ ದಾರಿಯಲ್ಲೇ ಇದ್ದರು. ವಿಟಮಿನ್ ಡಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಮೇಲೆ ಏನು ಮಾಡುತ್ತದೆ ಎಂದು ಸ್ಟೀನ್‌ಬಾಕ್ ಜತೆ ನೋಡುತ್ತಿದ್ದರು. ಆ ದಾರಿ ಹೆಚ್ಚು ದೂರ ಹೋಗಲಿಲ್ಲ. ಅದಕ್ಕೆ ಅಡ್ಡ ನಿಂತದ್ದು ಅದೇ ತಡ. ವಿಟಮಿನ್ ನೇರವಾಗಿ ಜೀವಕೋಶದ ಯಂತ್ರಕ್ಕೆ ಕೈ ಹಾಕುವುದಾದರೆ ಅರ್ಧ ದಿನ ಯಾಕೆ ಬೇಕು?

1960ರ ದಶಕದ ನಡುವಿನಲ್ಲಿ ಇನ್ನೊಂದು ಸುಳಿವು ಬಂತು. ಜೀನ್‌ಗಳಿಂದ ಆರ್‌ಎನ್‌ಎ, ಅಂದರೆ ಜೀನಿನ ಸಂದೇಶದ ನಕಲು, ತಯಾರಾಗುವುದನ್ನು ತಡೆಯುವ ಆಕ್ಟಿನೋಮೈಸಿನ್ ಎಂಬ ಔಷಧ ಕೊಟ್ಟರೆ ವಿಟಮಿನ್ ಡಿಯ ಪರಿಣಾಮವೂ ನಿಂತುಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿದ್ದ ಆಂಟನಿ ನಾರ್ಮನ್ ಇದನ್ನು ಕಂಡರು, ಡೆಲೂಕಾ ಪ್ರಯೋಗಾಲಯವೂ ಕಂಡಿತು. ಅಂದರೆ ವಿಟಮಿನ್ ಡಿ ಜೀನ್‌ಗಳನ್ನು ಎಬ್ಬಿಸುತ್ತಿದೆ. ಸ್ಟೆರಾಯ್ಡ್ ಹಾರ್ಮೋನುಗಳು ಮಾಡುವುದೂ ಇದನ್ನೇ. ಜೀನ್ ಎಬ್ಬಿಸಿ ಹೊಸ ಪ್ರೋಟೀನ್ ತಯಾರಿಸಲು ಒಂದಿಷ್ಟು ಹೊತ್ತು ಹಿಡಿಯುವುದು ಸರಿ. ಅದನ್ನು ಲೆಕ್ಕಕ್ಕೆ ಹಿಡಿದರೂ ಉಳಿದ ತಡಕ್ಕೆ ವಿವರಣೆ ಇರಲಿಲ್ಲ.

ಗುರುತು ಹಾಕಿ ಹಿಂಬಾಲಿಸುವುದು

ದೇಹದೊಳಗೆ ಹೋದ ವಿಟಮಿನ್ ಏನಾಗುತ್ತದೆ ಎಂದು ತಿಳಿಯಲು ಅದಕ್ಕೊಂದು ಗುರುತು ಬೇಕು. ಅದಕ್ಕೆ ವಿಕಿರಣಶೀಲ ಪರಮಾಣುವೊಂದನ್ನು ಅದರಲ್ಲಿ ಕೂರಿಸುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಗಾನ್ ಕೋಡಿಚೆಕ್ ಇದನ್ನು ಮೊದಲೇ ಮಾಡಿದ್ದರು. ವಿಕಿರಣಶೀಲ ಇಂಗಾಲ ಸೇರಿಸಿದ ವಿಟಮಿನ್ ಡಿ ಕೊಟ್ಟು ನೋಡಿ, ದೇಹದಲ್ಲಿ ಅದರಿಂದ ಹುಟ್ಟುವ ಬೇರೆ ವಸ್ತುಗಳೆಲ್ಲ ನಿಷ್ಪ್ರಯೋಜಕ, ಕೆಲಸ ಮಾಡುವುದು ವಿಟಮಿನ್ನೇ ಎಂಬ ತೀರ್ಮಾನಕ್ಕೆ ಬಂದಿದ್ದರು. ಅವರು ಈ ಕ್ಷೇತ್ರದ ದೊಡ್ಡವರು. ಆ ಮಾತು ವರ್ಷಗಟ್ಟಲೆ ನಿಂತಿತು.

ತೊಡಕು ಎಲ್ಲಿತ್ತು ಅಂದರೆ ಆ ಗುರುತು ತುಂಬಾ ಮಂದವಾಗಿತ್ತು. ಕಣ್ಣಿಗೆ ಬೀಳಬೇಕಾದರೆ ಇಲಿಗೆ ವಿಪರೀತ ಪ್ರಮಾಣದ ವಿಟಮಿನ್ ಕೊಡಬೇಕಿತ್ತು. ವಿಟಮಿನ್ ಡಿಯ ಸಹಜ ಪ್ರಮಾಣ ಬಹಳ ಸಣ್ಣದು. ನಾವು ಚೀಟಿಗಳಲ್ಲಿ ನೋಡುವ 40 ಅಂತರರಾಷ್ಟ್ರೀಯ ಯೂನಿಟ್ ಅಂದರೆ ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇಲಿಗೆ ಬೇಕಾದದ್ದು ಅದಕ್ಕಿಂತಲೂ ಕಡಿಮೆ. ದೊಡ್ಡ ಪ್ರಮಾಣ ಕೊಟ್ಟಾಗ ಎಲ್ಲೆಲ್ಲೂ ಬದಲಾಗದ ವಿಟಮಿನ್ನೇ ತುಂಬಿಕೊಂಡು, ಸಣ್ಣಗೆ ತಯಾರಾಗುವ ನಿಜವಾದ ವಸ್ತು ಅದರಡಿಯಲ್ಲಿ ಮುಚ್ಚಿಹೋಗುತ್ತಿತ್ತು.

ಡೆಲೂಕಾ ತಂಡ ಟ್ರಿಟಿಯಂ ಬಳಸಿ ಬಹಳ ಪ್ರಬಲವಾದ ಗುರುತಿರುವ ವಿಟಮಿನ್ ಡಿ ತಯಾರಿಸಿತು. ಟ್ರಿಟಿಯಂ ಅಂದರೆ ವಿಕಿರಣಶೀಲ ಹೈಡ್ರೋಜನ್. ಈಗ ಇಲಿಗೆ ಸಹಜ ಪ್ರಮಾಣವನ್ನೇ ಕೊಟ್ಟು ಹಿಂಬಾಲಿಸಬಹುದಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕತೆಯ ತಿರುವು ಇದೇ. ಪ್ರಶ್ನೆ ಹಳೆಯದು, ಪ್ರಾಣಿ ಹಳೆಯದು. ಹೊಸದಾಗಿ ಬಂದದ್ದು ಅಳೆಯುವ ಸಾಧನ ಒಂದೇ.

1966ರಲ್ಲಿ ಡೆಲೂಕಾ ಮತ್ತು ಸಹೋದ್ಯೋಗಿ ಇಲಿಗಳ ರಕ್ತ, ಲಿವರ್, ಮೂಳೆಯಲ್ಲಿ ಹೊಸ ವಸ್ತುವೊಂದನ್ನು ಕಂಡರು. ಅದು ವಿಟಮಿನ್ ಡಿಯಂತೆಯೇ ರಿಕೆಟ್ಸ್ ವಾಸಿಮಾಡುತ್ತಿತ್ತು, ಅದಕ್ಕಿಂತ ಬೇಗ ಕೆಲಸ ಮಾಡುತ್ತಿತ್ತು. ಆ ತಡದಲ್ಲಿ ಒಂದು ತುಂಡು ಕತ್ತರಿಸಿ ಹೋಯಿತು. ಹಂದಿಗಳಿಗೆ ಹೆಚ್ಚು ಪ್ರಮಾಣದ ವಿಟಮಿನ್ ಕೊಟ್ಟು, ಅವುಗಳ ರಕ್ತದಿಂದ ಈ ವಸ್ತುವನ್ನು ಸೋಸಿ ಸೋಸಿ ಶುದ್ಧಮಾಡಿದರು. 1968ರಲ್ಲಿ ಅದರ ರಚನೆ ಪ್ರಕಟವಾಯಿತು. ವಿಟಮಿನ್ ಡಿಯ ಬಾಲದ 25ನೇ ಇಂಗಾಲಕ್ಕೆ ಒಂದು ಆಮ್ಲಜನಕ ಮತ್ತು ಒಂದು ಹೈಡ್ರೋಜನ್ ಸೇರಿದ ಜೋಡಿ, ಅಂದರೆ ಹೈಡ್ರಾಕ್ಸಿಲ್, ಅಂಟಿಕೊಂಡಿತ್ತು. ಹಾಗಾಗಿ ಅದು 25 ಹೈಡ್ರಾಕ್ಸಿ ವಿಟಮಿನ್ ಡಿ. ಮರುವರ್ಷವೇ ಇದು ತಯಾರಾಗುವುದು ಮುಖ್ಯವಾಗಿ ಲಿವರ್‌ನಲ್ಲಿ ಎಂದು ಅದೇ ಪ್ರಯೋಗಾಲಯ ತೋರಿಸಿತು.

ಕೆಲಕಾಲ ಇದೇ ಕೊನೆಯ ರೂಪ ಎಂದು ಡೆಲೂಕಾ ನಂಬಿದ್ದರು. ಆದರೆ ಗುರುತು ಹಾಕಿದ 25 ಹೈಡ್ರಾಕ್ಸಿಯನ್ನೇ ಕೊಟ್ಟು ನೋಡಿದಾಗ, ಕರುಳು ಕೆಲಸ ಶುರುಮಾಡುವ ಮೊದಲೇ ಅಲ್ಲಿ ಇನ್ನೊಂದು ವಸ್ತು ಕಾಣಿಸಿತು. ಹಾಗಾದರೆ ಇನ್ನೂ ಒಂದು ಮೆಟ್ಟಿಲಿದೆ.

ಮೂರು ಪ್ರಯೋಗಾಲಯ, ಒಂದೇ ವಸ್ತು

ಇಲ್ಲಿಂದ ಮುಂದೆ ನಡೆದದ್ದು ಓಟ. ಮ್ಯಾಡಿಸನ್‌ನಲ್ಲಿ ಡೆಲೂಕಾ, ರಿವರ್‌ಸೈಡ್‌ನಲ್ಲಿ ನಾರ್ಮನ್, ಕೇಂಬ್ರಿಜ್‌ನಲ್ಲಿ ಕೋಡಿಚೆಕ್. ಮೂವರೂ ಒಂದೇ ವಸ್ತುವಿನ ಬೆನ್ನು ಹತ್ತಿದ್ದರು. ಅದು ಏನೆಂದು ಗೊತ್ತಿಲ್ಲದ್ದರಿಂದ ಒಬ್ಬೊಬ್ಬರು ಒಂದೊಂದು ಗುಟ್ಟಿನ ಹೆಸರಿಟ್ಟಿದ್ದರು. ನಾರ್ಮನ್ ಬಳಿ ಅದು ‘4ಬಿ’, ಕೋಡಿಚೆಕ್ ಬಳಿ ‘ಪಿ’, ಡೆಲೂಕಾ ಬಳಿ ಐದನೇ ಶಿಖರ. ಶಿಖರ ಅಂದರೆ ವಸ್ತುಗಳನ್ನು ಬೇರ್ಪಡಿಸುವಾಗ ನಕ್ಷೆಯ ಮೇಲೆ ಏಳುವ ಉಬ್ಬು.

ಕೋಡಿಚೆಕ್ ತಮ್ಮ ಹಳೆಯ ತೀರ್ಮಾನ ಬಿಟ್ಟುಕೊಟ್ಟು ಹೊಸದಾಗಿ ಹುಡುಕಲು ಇಳಿದರು ಎಂಬುದು ದೊಡ್ಡ ಮಾತು. ಅವರ ತಂಡ ಮಾಡಿದ ಒಂದು ಜಾಣತನವನ್ನು ಇಲ್ಲಿ ಹೇಳಲೇಬೇಕು. ಅವರು ವಿಟಮಿನ್ ಡಿಗೆ ಎರಡು ಗುರುತು ಹಾಕಿದರು. 4ನೇ ಜಾಗದಲ್ಲಿ ವಿಕಿರಣಶೀಲ ಇಂಗಾಲ, 1ನೇ ಜಾಗದಲ್ಲಿ ಟ್ರಿಟಿಯಂ. ಪ್ರಾಣಿಗೆ ಕೊಟ್ಟು, ಕರುಳಿನಲ್ಲಿ ಸಿಕ್ಕ ಆ ಗೂಢ ವಸ್ತುವನ್ನು ತೆಗೆದು ಅಳೆದರು. ಇಂಗಾಲದ ಗುರುತು ಹಾಗೇ ಇತ್ತು. ಟ್ರಿಟಿಯಂ ಮಾಯವಾಗಿತ್ತು. 1ನೇ ಜಾಗದ ಹೈಡ್ರೋಜನ್ ಕಳಚಿ ಬಿದ್ದಿದೆ ಅಂದರೆ ಅಲ್ಲಿ ಬೇರೆ ಏನೋ ಬಂದು ಕೂತಿದೆ ಅಂತ ತಾನೇ ಅರ್ಥ? ಕಣ್ಣಿಗೆ ಕಾಣದ ಅಣುವಿನ ಯಾವ ಮೂಲೆಯಲ್ಲಿ ಬದಲಾವಣೆ ಆಗಿದೆ ಎಂದು, ಆ ಅಣುವನ್ನು ಶುದ್ಧಮಾಡುವ ಮೊದಲೇ ಅವರಿಗೆ ಸುಳಿವು ಸಿಕ್ಕಿತು.

1970ರಲ್ಲಿ ಕೋಡಿಚೆಕ್ ಮತ್ತು ಡೇವಿಡ್ ಫ್ರೇಸರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕಿಡ್ನಿ ತೆಗೆದ ಪ್ರಾಣಿಗಳಲ್ಲಿ ಈ ವಸ್ತು ತಯಾರಾಗುವುದೇ ಇಲ್ಲ. ಕಿಡ್ನಿಯನ್ನು ಅರೆದು ಕೊಳವೆಯಲ್ಲಿ ಹಾಕಿ 25 ಹೈಡ್ರಾಕ್ಸಿ ಸೇರಿಸಿದರೆ ತಯಾರಾಗುತ್ತದೆ. ಕಿಡ್ನಿ ಅಂದರೆ ಕೊಳೆ ಸೋಸುವ ಅಂಗ ಎಂದಷ್ಟೇ ತಿಳಿದಿದ್ದವರಿಗೆ ಇದು ನಿಜಕ್ಕೂ ಬೆರಗಿನ ವಿಷಯ.

ವಸ್ತುವನ್ನು ಶುದ್ಧವಾಗಿ ಹಿಡಿಯುವ ಕೆಲಸ ಬಾಕಿ ಇತ್ತು. ಡೆಲೂಕಾ ತಂಡ ಸಾವಿರಕ್ಕೂ ಜಾಸ್ತಿ ಕೋಳಿಗಳಿಗೆ ಗುರುತು ಹಾಕಿದ ವಿಟಮಿನ್ ಕೊಟ್ಟು ಅವುಗಳ ಕರುಳಿನಿಂದ ಅದನ್ನು ಬೇರ್ಪಡಿಸಿತು. ಇಷ್ಟೆಲ್ಲ ಮಾಡಿ ಕೊನೆಗೆ ಉಳಿದದ್ದು ಬರೀ ಕೆಲವು ಮೈಕ್ರೋಗ್ರಾಂ. ಅದು ಕಣ್ಣಿಗೂ ಕಾಣುವುದಿಲ್ಲ. ಅಷ್ಟರಲ್ಲೇ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ತೂಕದ ಯಂತ್ರದಲ್ಲಿ ಅಣುವನ್ನು ಒಡೆದು, ಚೂರುಗಳ ತೂಕ ನೋಡಿ ರಚನೆ ಹೇಳಬೇಕು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಮೈಕೇಲ್ ಹೋಲಿಕ್, ರಸಾಯನ ತಜ್ಞ ಹೈನ್ರಿಕ್ ಷ್ನೋಸ್, ಜಪಾನಿನಿಂದ ಬಂದಿದ್ದ ತಾತ್ಸುವೊ ಸುಡಾ ಮೊದಲಾದವರು ಈ ಕೆಲಸದಲ್ಲಿದ್ದರು. 1971ರಲ್ಲಿ ಮೂರೂ ಪ್ರಯೋಗಾಲಯಗಳಿಂದ ಒಂದರ ಹಿಂದೆ ಒಂದು ವರದಿ ಬಂತು. ಎಲ್ಲರ ಉತ್ತರವೂ ಒಂದೇ. 25ನೇ ಜಾಗದಲ್ಲಿ ಒಂದು ಹೈಡ್ರಾಕ್ಸಿಲ್, 1ನೇ ಜಾಗದಲ್ಲಿ ಇನ್ನೊಂದು. ಹೆಸರು 1,25 ಡೈಹೈಡ್ರಾಕ್ಸಿ ವಿಟಮಿನ್ ಡಿ. ಔಷಧದ ಹೆಸರು ಕ್ಯಾಲ್ಸಿಟ್ರಯಾಲ್.

ಯಾರು ಮೊದಲು ಎಂಬ ವಾದ ಆಮೇಲೂ ಇತ್ತು. ನನಗೆ ಅದು ಮುಖ್ಯ ಅನಿಸುವುದಿಲ್ಲ. ಮೂವರಲ್ಲಿ ಒಬ್ಬೊಬ್ಬರ ಕೈಯಲ್ಲೂ ಬಿಟ್ಟುಬಿಡಲಾಗದ ಒಂದೊಂದು ಎಳೆ ಇತ್ತು.

ಈ ವಸ್ತುವನ್ನು ನೇರವಾಗಿ ಇಲಿಗೆ ಕೊಟ್ಟಾಗ ಕರುಳು ಕೆಲವೇ ಗಂಟೆಯಲ್ಲಿ ಸ್ಪಂದಿಸಿತು. ಕಿಡ್ನಿ ತೆಗೆದ ಇಲಿಗಳಲ್ಲಿ 25 ಹೈಡ್ರಾಕ್ಸಿ ಕೆಲಸ ಮಾಡಲಿಲ್ಲ, 1,25 ಮಾಡಿತು. ಆ ಅರ್ಧ ದಿನದ ಲೆಕ್ಕ ಈಗ ತಾಳೆಯಾಯಿತು. ಲಿವರ್‌ಗೆ ಹೋಗಲು ಒಂದಿಷ್ಟು, ಕಿಡ್ನಿಗೆ ಹೋಗಲು ಒಂದಿಷ್ಟು, ಜೀನ್ ಎಬ್ಬಿಸಲು ಒಂದಿಷ್ಟು.

ಇದನ್ನು ಹಾರ್ಮೋನ್ ಅನ್ನುವುದು ಯಾಕೆ

ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲಿನಲ್ಲಿ. ರಕ್ತದಲ್ಲಿರುವುದು ತೀರಾ ಸ್ವಲ್ಪ. ಆದರೆ ಆ ಸ್ವಲ್ಪವೇ ಪ್ರಾಣದ ಪ್ರಶ್ನೆ. ಕಡಿಮೆಯಾದರೆ ಸ್ನಾಯು ಸೆಟೆದುಕೊಳ್ಳುತ್ತದೆ, ಫಿಟ್ಸ್ ಬರಬಹುದು. ಜಾಸ್ತಿಯಾದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಹೃದಯದ ಬಡಿತದ ಲಯ ತಪ್ಪಬಹುದು. ಹಾಗಾಗಿ ದೇಹ ಅದನ್ನು ಡೆಸಿಲೀಟರಿಗೆ ಹೆಚ್ಚುಕಡಿಮೆ 8.5ರಿಂದ 10.5 ಮಿಲಿಗ್ರಾಂ ನಡುವೆ ಹಿಡಿದಿಡುತ್ತದೆ.

ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂಬದಿಗೆ ನಾಲ್ಕು ಸಣ್ಣ ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್. ರಕ್ತದ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಅವು ಪ್ಯಾರಾಥೈರಾಯ್ಡ್ ಹಾರ್ಮೋನ್ ಬಿಡುತ್ತವೆ. ಆ ಹಾರ್ಮೋನ್ ಕಿಡ್ನಿಗೆ ಹೋಗಿ 1,25 ತಯಾರಿಕೆ ಹೆಚ್ಚಿಸುತ್ತದೆ. 1,25 ಕರುಳಿಗೆ ಹೋಗಿ ಊಟದಿಂದ ಹೆಚ್ಚು ಕ್ಯಾಲ್ಸಿಯಂ ಎಳೆಸುತ್ತದೆ, ಬೇಕಾದರೆ ಮೂಳೆಯಿಂದಲೂ ತೆಗೆಸುತ್ತದೆ. ಕ್ಯಾಲ್ಸಿಯಂ ಸರಿಹೋದ ಮೇಲೆ ಪ್ಯಾರಾಥೈರಾಯ್ಡ್ ಸುಮ್ಮನಾಗುತ್ತದೆ, ಕಿಡ್ನಿಯೂ ಕೈ ಹಿಂದೆಗೆಯುತ್ತದೆ. ಡೆಲೂಕಾ ಪ್ರಯೋಗಾಲಯ 1971ರಿಂದ 1973ರ ಒಳಗೆ ಈ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿತು. ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಫಾಸ್ಫೇಟ್ ಮೂರೂ ಈ ತಯಾರಿಕೆಯನ್ನು ಏರಿಳಿಸುತ್ತವೆ ಎಂದು ತೋರಿಸಿತು.

ಒಂದು ಅಂಗದಲ್ಲಿ ತಯಾರಾಗಿ, ರಕ್ತದಲ್ಲಿ ಹೋಗಿ, ಇನ್ನೊಂದು ಅಂಗದಲ್ಲಿ ಕೆಲಸ ಮಾಡುವುದು. ಬೇಕಾದಾಗ ಹೆಚ್ಚಾಗುವುದು, ಸಾಕಾದಾಗ ನಿಲ್ಲುವುದು. ಹಾರ್ಮೋನ್ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಹಾರ್ಮೋನ್ ಇದ್ದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ, ಅಂದರೆ ರಿಸೆಪ್ಟರ್, ಇರಬೇಕು. ಕೋಳಿಮರಿಯ ಕರುಳಿನ ಜೀವಕೋಶಗಳಲ್ಲಿ ಅಂಥದ್ದೊಂದಿದೆ ಎಂಬ ಸುಳಿವು ನಾರ್ಮನ್ ಮತ್ತು ಮಾರ್ಕ್ ಹಾಸ್ಲರ್‌ಗೆ 1969ರಲ್ಲೇ ಸಿಕ್ಕಿತ್ತು. ಮನುಷ್ಯರ ಗ್ರಾಹಕದ ಜೀನ್ ಸಂದೇಶ 1988ರಲ್ಲಿ ಗೊತ್ತಾಯಿತು. ನೋಡಿದರೆ ಅದು ಸ್ಟೆರಾಯ್ಡ್ ಮತ್ತು ಥೈರಾಯ್ಡ್ ಹಾರ್ಮೋನುಗಳ ಗ್ರಾಹಕಗಳ ಮನೆತನಕ್ಕೇ ಸೇರಿದ್ದು. ಕೆಲವು ಮಕ್ಕಳಲ್ಲಿ ಈ ಗ್ರಾಹಕದ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವರ ರಕ್ತದಲ್ಲಿ 1,25 ಬೇಕಾದಷ್ಟಿದ್ದರೂ ರಿಕೆಟ್ಸ್ ಬರುತ್ತದೆ. ಎಷ್ಟೋ ಮಕ್ಕಳಿಗೆ ತಲೆಗೂದಲೂ ಉದುರುತ್ತದೆ. ಕೂದಲಿಗೂ ಈ ಗ್ರಾಹಕ ಬೇಕು ಎಂಬುದು ತಿಳಿದದ್ದು ಆ ಮಕ್ಕಳಿಂದಲೇ.

ರೋಗಿಗಳವರೆಗೆ

ಕಿಡ್ನಿ ಕೆಟ್ಟವರ ಮೂಳೆ ಮೆತ್ತಗಾಗುವುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಮಾಮೂಲಿ ಪ್ರಮಾಣದ ವಿಟಮಿನ್ ಡಿ ಕೊಟ್ಟರೆ ಪ್ರಯೋಜನವಾಗುತ್ತಿರಲಿಲ್ಲ. ಡಯಾಲಿಸಿಸ್ ಬಂದ ಮೇಲೆ ಇಂಥವರು ಹೆಚ್ಚು ಕಾಲ ಬದುಕತೊಡಗಿದರು. ಮೂಳೆನೋವು, ಮೂಳೆ ಮುರಿತವೂ ಹೆಚ್ಚು ಕಾಣತೊಡಗಿತು. ಈಗ ಕಾರಣ ಸ್ಪಷ್ಟವಾಯಿತು. ಕಿಡ್ನಿಯೇ ಇಲ್ಲದಿದ್ದರೆ ಕೊನೆಯ ಮೆಟ್ಟಿಲು ಹತ್ತುವವರು ಯಾರು?

1972ರಲ್ಲಿ ನಾರ್ಮನ್ ಮತ್ತು ಅವರ ಜತೆಗಿದ್ದ ವೈದ್ಯರು ಕಿಡ್ನಿ ಕೆಟ್ಟ ರೋಗಿಗೆ 1,25 ಕೊಟ್ಟು ಕರುಳು ಕ್ಯಾಲ್ಸಿಯಂ ಹೀರುವುದು ಹೆಚ್ಚಾಗುತ್ತದೆ ಎಂದು ತೋರಿಸಿದರು. ಎಲ್ಲರಿಗೂ ಕೊಡಬೇಕಾದರೆ ಕೋಳಿಯ ಕರುಳಿನಿಂದ ತೆಗೆದದ್ದು ಸಾಲದಲ್ಲ. ಡೆಲೂಕಾ ತಂಡ ಅದೇ ವರ್ಷ ಅದನ್ನು ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ತಯಾರಿಸುವ ದಾರಿ ಪ್ರಕಟಿಸಿತು. 1978ರಲ್ಲಿ ಕ್ಯಾಲ್ಸಿಟ್ರಯಾಲ್‌ಗೆ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿತು.

ಅದರ ಕ್ಯಾಪ್ಸೂಲ್‌ನಲ್ಲಿರುವುದು 0.25 ಮೈಕ್ರೋಗ್ರಾಂ. ಮಾಮೂಲಿ 1,000 ಯೂನಿಟ್‌ನ ವಿಟಮಿನ್ ಡಿ ಮಾತ್ರೆಯಲ್ಲಿರುವುದು 25 ಮೈಕ್ರೋಗ್ರಾಂ. ನೂರರಲ್ಲಿ ಒಂದು ಪಾಲು ಸಾಕು, ಯಾಕೆಂದರೆ ಇದು ಹಾರ್ಮೋನೇ. ಅದೇ ಕಾರಣಕ್ಕೆ ಇದು ವೈದ್ಯರ ಕಣ್ಗಾವಲಿಲ್ಲದೆ ತೆಗೆದುಕೊಳ್ಳುವ ಮಾತ್ರೆಯಲ್ಲ. ಕಿಡ್ನಿಯ ಬೀಗವನ್ನು ದಾಟಿ ನೇರವಾಗಿ ಒಳಗೆ ಹೋಗುವುದರಿಂದ ರಕ್ತದ ಕ್ಯಾಲ್ಸಿಯಂ ಬೇಗ ಏರಬಹುದು.

ಆ ತೊಂದರೆಗೂ ಡೆಲೂಕಾ ಪ್ರಯೋಗಾಲಯ ಒಂದು ದಾರಿ ಹುಡುಕಿತು. ಕಿಡ್ನಿ ಕೆಟ್ಟವರಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿ ಬಿಡುವಿಲ್ಲದೆ ಹಾರ್ಮೋನ್ ಬಿಡುತ್ತಾ ಊದಿಕೊಳ್ಳುತ್ತದೆ. ಅದನ್ನು ತಗ್ಗಿಸಬೇಕು, ಆದರೆ ಕ್ಯಾಲ್ಸಿಯಂ ಏರಬಾರದು. ಅಣುವಿನ 19ನೇ ಇಂಗಾಲವನ್ನು ತೆಗೆದುಹಾಕಿ, ಬಾಲವನ್ನು ವಿಟಮಿನ್ ಡಿಯ ಇನ್ನೊಂದು ರೂಪವಾದ ಡಿ2ರ ಬಾಲದಂತೆ ಮಾಡಿ ಪ್ಯಾರಿಕ್ಯಾಲ್ಸಿಟಾಲ್ ಎಂಬ ಹೊಸ ರೂಪ ತಯಾರಿಸಿದರು. 1998ರಲ್ಲಿ ಅದಕ್ಕೆ ಒಪ್ಪಿಗೆ ಬಂತು. ಇಂದಿಗೂ ಡಯಾಲಿಸಿಸ್ ರೋಗಿಗಳಿಗೆ ಅದನ್ನು ಕೊಡುತ್ತಾರೆ.

ನಿಮ್ಮ ರಕ್ತದ ಚೀಟಿ

ಇಷ್ಟು ತಿಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಮಾಡುವುದು 1,25 ಆದರೆ, ಲ್ಯಾಬ್‌ನವರು 25 ಹೈಡ್ರಾಕ್ಸಿ ಯಾಕೆ ಅಳೆಯುತ್ತಾರೆ?

25 ಹೈಡ್ರಾಕ್ಸಿ ಬ್ಯಾಂಕಿನಲ್ಲಿಟ್ಟ ಹಣದ ಹಾಗೆ, 1,25 ಕೈಯಲ್ಲಿ ಓಡಾಡುವ ಚಿಲ್ಲರೆಯ ಹಾಗೆ. ಮೊದಲನೆಯದು ರಕ್ತದಲ್ಲಿ ಎರಡು ಮೂರು ವಾರ ಉಳಿಯುತ್ತದೆ, ನ್ಯಾನೋಗ್ರಾಂ ಲೆಕ್ಕದಲ್ಲಿರುತ್ತದೆ. ಎರಡನೆಯದು ಕೆಲವು ಗಂಟೆಗಳಲ್ಲಿ ಕರಗುತ್ತದೆ, ಸುಮಾರು ಅದರ ಸಾವಿರದಲ್ಲೊಂದು ಪಾಲಿನಷ್ಟೇ ಇರುತ್ತದೆ. ಜತೆಗೆ ದಾರಿ ತಪ್ಪಿಸುತ್ತದೆ. ವಿಟಮಿನ್ ಡಿ ಕೊರತೆಯಾದಾಗ ಪ್ಯಾರಾಥೈರಾಯ್ಡ್ ಎಚ್ಚೆತ್ತು ಕಿಡ್ನಿಯಿಂದ ಜೋರಾಗಿ ಕೆಲಸ ಮಾಡಿಸುತ್ತದೆ. ಆಗ 1,25 ಮಾಮೂಲಿಯಾಗಿಯೇ ಕಾಣಬಹುದು, ಹೆಚ್ಚೂ ಇರಬಹುದು. ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಂಡರೆ ಕೆಟ್ಟೆವು. ಹಾಗಾಗಿ ಮೈಯಲ್ಲಿ ಎಷ್ಟು ವಿಟಮಿನ್ ಡಿ ಸಂಗ್ರಹವಿದೆ ಎನ್ನಲು 25 ಹೈಡ್ರಾಕ್ಸಿಯೇ ಸರಿಯಾದ ಅಳತೆ.

ಎಷ್ಟಿದ್ದರೆ ಸಾಕು ಎಂಬುದರಲ್ಲಿ ಜಗಳವಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಮಿತಿ 2010ರ ಕೊನೆಯಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು ಎಂದಿತು. ದಿನಕ್ಕೆ 600 ಯೂನಿಟ್, 70 ದಾಟಿದವರಿಗೆ 800 ಎಂದು ನಿಗದಿ ಮಾಡಿತು. ಮರುವರ್ಷ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 30 ಬೇಕು ಎಂದಿತು. ಆಮೇಲೆ 2024ರಲ್ಲಿ ಅದೇ ಸೊಸೈಟಿ ಆ ಗೆರೆಯನ್ನು ಕೈಬಿಟ್ಟು, ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ನೆ ಈ ಪರೀಕ್ಷೆ ಮಾಡಿಸುವುದು ಬೇಡ ಎಂದಿತು.

ಅದರ ಹಿಂದೆ ದೊಡ್ಡ ಪ್ರಯೋಗಗಳಿವೆ. ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನ ಸರಾಸರಿ ಐದು ವರ್ಷಕ್ಕೂ ಮೀರಿ ದಿನಕ್ಕೆ 2,000 ಯೂನಿಟ್ ಅಥವಾ ಹುಸಿ ಮಾತ್ರೆ ತೆಗೆದುಕೊಂಡರು. ಕ್ಯಾನ್ಸರ್ ಬರುವುದು, ಹೃದಯಾಘಾತ, ಮೂಳೆ ಮುರಿತ ಯಾವುದೂ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ ಎಂಬುದನ್ನು ಮರೆಯಬಾರದು. ಡೆಲೂಕಾ ಬಿಡಿಸಿದ ಕೊಂಡಿಗಳನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕಚ್ಚಾ ಸರಕು ಸಾಕಷ್ಟಿರುವಾಗ ಇನ್ನಷ್ಟು ಸುರಿದರೆ ಕಿಡ್ನಿ ಹೆಚ್ಚು ಹಾರ್ಮೋನ್ ತಯಾರಿಸುವುದಿಲ್ಲ. ಕೊರತೆ ಇರುವವರ ವಿಷಯ ಬೇರೆ. ಅವರಿಗೆ ಇದು ಬೇಕೇ ಬೇಕು.

ತೀರಾ ವಿಪರೀತ ಪ್ರಮಾಣವಾದರೆ ಮಾತ್ರ ಈ ಕಾವಲೂ ಸೋಲುತ್ತದೆ. 25 ಹೈಡ್ರಾಕ್ಸಿ ಎಷ್ಟು ತುಂಬಿಕೊಳ್ಳುತ್ತದೆಂದರೆ ಅದೇ ಗ್ರಾಹಕವನ್ನು ಹಿಡಿಯತೊಡಗುತ್ತದೆ, ರಕ್ತದ ಕ್ಯಾಲ್ಸಿಯಂ ಏರುತ್ತದೆ. ದೇಹದಲ್ಲಿ ಹೆಚ್ಚಾದದ್ದನ್ನು ಒಡೆದುಹಾಕುವ ಕಿಣ್ವವೊಂದಿದೆ. ಕೆಲವು ಮಕ್ಕಳಲ್ಲಿ ಆ ಕಿಣ್ವದ ಜೀನ್ ಕೆಟ್ಟಿರುತ್ತದೆ ಎಂದು 2011ರಲ್ಲಿ ತಿಳಿಯಿತು. ಅಂಥ ಮಕ್ಕಳಿಗೆ ಉಳಿದವರಿಗೆ ಹಿತವಾದ ಪ್ರಮಾಣವೂ ವಿಷವಾಗಬಹುದು.

ತಮ್ಮ ಊಹೆಯನ್ನೇ ಪರೀಕ್ಷೆಗೆ ಇಟ್ಟದ್ದು

1979ರ ಸುಮಾರಿಗೆ ಈ ಹಾರ್ಮೋನ್ ಕರುಳು, ಮೂಳೆ ಅಷ್ಟೇ ಅಲ್ಲ, ಚರ್ಮ, ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಹೀಗೆ ಅನೇಕ ಕಡೆ ಹೋಗಿ ಕೂರುತ್ತದೆ ಎಂದು ಡೆಲೂಕಾ ಮತ್ತು ಜತೆಗಾರರು ಕಂಡಿದ್ದರು. ಆಮೇಲೆ ವಿಟಮಿನ್ ಡಿ ಎಲ್ಲ ಕಾಯಿಲೆಗೂ ಮದ್ದು ಎಂಬ ಹುರುಪು ಹುಟ್ಟಿತು. ಆ ಹುರುಪಿಗೆ ಅವರ ಪ್ರಯೋಗಾಲಯದ ಪಾಲೂ ಇತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬಿಸಿಲು ಕಡಿಮೆ ಇರುವ ದೇಶಗಳಲ್ಲಿ ಹೆಚ್ಚು. 1996ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 1,25 ಕೊಟ್ಟರೆ ಇಲಿಗಳಲ್ಲಿ ಅಂಥದ್ದೇ ರೋಗ ತಡೆಯಬಹುದು ಎಂದು ತೋರಿಸಿದರು. ಬಿಸಿಲು, ವಿಟಮಿನ್ ಡಿ, ರೋಗ ಮೂರೂ ಒಂದೇ ಸಾಲಿನಲ್ಲಿ ಬಂದು ನಿಂತ ಹಾಗಾಯಿತು.

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. 80ರ ಅಂಚಿನಲ್ಲಿದ್ದ ಡೆಲೂಕಾ ಬೇರೆ ಪ್ರಶ್ನೆ ಹಾಕಿದರು. ಬಿಸಿಲಿನ ಗುಣ ನಿಜವಾಗಿಯೂ ವಿಟಮಿನ್ ಡಿ ಮೂಲಕವೇ ಬರುತ್ತಿದೆಯೇ? 2010ರಲ್ಲಿ ಅವರ ತಂಡ ಇಲಿಗಳ ಚರ್ಮಕ್ಕೆ ಅತಿನೇರಳೆ ಬೆಳಕು ಬಿಟ್ಟಿತು. ರೋಗ ತಗ್ಗಿತು. ಆದರೆ ಆ ಇಲಿಗಳ ರಕ್ತದಲ್ಲಿ ಏರಿದ 25 ಹೈಡ್ರಾಕ್ಸಿ ಆ ಮಟ್ಟಿಗಿನ ಪರಿಣಾಮಕ್ಕೆ ಕಾರಣವಾಗುವಷ್ಟಿರಲಿಲ್ಲ. ವಿಟಮಿನ್ ಡಿಯನ್ನೇ ಕೊಟ್ಟು ನೋಡಿದರೆ ಆ ಫಲ ಸಿಗಲಿಲ್ಲ.

ಅದೇ ಕಾಲದಲ್ಲಿ ಗ್ರಾಹಕವನ್ನು ಗುರುತಿಸಲು ಪ್ರಪಂಚದಾದ್ಯಂತ ಬಳಸುತ್ತಿದ್ದ ಪ್ರತಿಕಾಯಗಳನ್ನೂ, ಅಂದರೆ ಹುಡುಕುವ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳಬೇಕಾದ ಅಣುಗಳನ್ನೂ, ಅವರ ತಂಡ ಪರೀಕ್ಷಿಸಿತು. ಗ್ರಾಹಕದ ಜೀನನ್ನೇ ತೆಗೆದುಹಾಕಿದ ಇಲಿಗಳ ಅಂಗಾಂಶದಲ್ಲೂ ಹಲವು ಪ್ರತಿಕಾಯಗಳು ‘ಇಲ್ಲಿದೆ’ ಎಂದು ತೋರಿಸಿದವು. ಇಲ್ಲದ್ದನ್ನು ಇದೆ ಎನ್ನುವ ಸಾಧನ. ನಂಬಿಕೆಗೆ ಅರ್ಹವಾದ ಒಂದು ಪ್ರತಿಕಾಯವನ್ನು ಆರಿಸಿಕೊಂಡು ಬಲಿತ ಸ್ನಾಯುವಿನಲ್ಲಿ ಹುಡುಕಿದಾಗ ಗ್ರಾಹಕ ಸಿಗಲಿಲ್ಲ ಎಂದು 2011ರಲ್ಲಿ ವರದಿ ಮಾಡಿದರು. ವಿಟಮಿನ್ ಡಿ ನೇರವಾಗಿ ಸ್ನಾಯುವಿಗೆ ಬಲ ಕೊಡುತ್ತದೆ ಎಂಬ ವಾದಕ್ಕೆ ಇದು ದೊಡ್ಡ ಪೆಟ್ಟು. ಆ ಚರ್ಚೆ ಇನ್ನೂ ಮುಗಿದಿಲ್ಲ. ವಿಟಮಿನ್ ಡಿಯಿಂದಲೇ ಹೆಸರು, ಪೇಟೆಂಟ್, ಕಂಪನಿ ಎಲ್ಲ ಬಂದಿದ್ದ ಮನುಷ್ಯ ಹೀಗೆ ಅದರ ಹೆಗ್ಗಳಿಕೆಯನ್ನೇ ಕತ್ತರಿಸುತ್ತಾ ಹೋದದ್ದು ನನಗೆ ಅವರ ಮೇಲೆ ಅತಿ ಹೆಚ್ಚು ಗೌರವ ತರಿಸುವ ವಿಷಯ.

ಮುಂದಿನ ಕೆಲವು ವರ್ಷ ಅವರ ಪ್ರಯೋಗಾಲಯ ಬೆಳಕನ್ನು ತುಂಡು ತುಂಡಾಗಿ ವಿಂಗಡಿಸಿ ನೋಡಿತು. ಇಲಿಗಳ ಆ ನರರೋಗವನ್ನು ತಡೆಯುವುದು 300ರಿಂದ 315 ನ್ಯಾನೋಮೀಟರ್ ನಡುವಿನ ಕಿರಣ ಎಂದು 2013ರಲ್ಲಿ ಹೇಳಿತು. ಈಗಿನ ಪ್ರಶ್ನೆ, ಆ ಕಿರಣ ಬಿದ್ದಾಗ ಚರ್ಮದಲ್ಲಿ ಹುಟ್ಟಿ ದೇಹದ ಬೇರೆ ಕಡೆಗೆ ಹೋಗಿ ಕೆಲಸ ಮಾಡುವ ವಸ್ತು ವಿಟಮಿನ್ ಡಿ ಅಲ್ಲದಿದ್ದರೆ ಮತ್ತಾವುದು ಎಂಬುದು.